ನಮ್ಮ ಪೂಲಿನ ಆಮೆ ನಿಂತುಹೋದದ್ದು

ನನಗೊಂದು ಚಟವಿದೆ. ಕಾಫಿಯದಲ್ಲ, ಸೀರೆಯದಲ್ಲ, ಅವು ಇದ್ದರೂ ಜನ ಕ್ಷಮಿಸುತ್ತಾರೆ. ಯಾವುದಾದರೂ ವಸ್ತು ಕೆಟ್ಟಿದೆ ಎಂದು ಕಿವಿಗೆ ಬಿದ್ದರೆ ಸಾಕು, ಅದನ್ನು ಬೋರಲು ಹಾಕಿ ತಳದಲ್ಲಿ ಸ್ಕ್ರೂ ಎಲ್ಲಿದೆ ಎಂದು ನೋಡುವ ತನಕ ನನ್ನ ಕೈ ಸುಮ್ಮನಿರುವುದಿಲ್ಲ. ಯಾರದೋ ಮನೆಗೆ ಊಟಕ್ಕೆ ಹೋದಾಗ ಆ ಮನೆಯಾಕೆ ಮಿಕ್ಸಿ ಯಾಕೋ ಸದ್ದು ಮಾಡುತ್ತಿದೆ ಎಂದು ಮಾತಿಗೆ ಹೇಳಿದರೆ, ಉಳಿದವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವಾಗ ನಾನು ಅಡುಗೆಮನೆಯ ಕಟ್ಟೆಯ ಮೇಲೆ ಮಿಕ್ಸಿಯ ಹೊಟ್ಟೆ ಬಗೆದಿರುತ್ತೇನೆ. ಈ ಚಟ ಇಟ್ಟುಕೊಂಡು ಅಮೆರಿಕದಲ್ಲಿ ಬಾಳುವುದು ಕಷ್ಟ. ಇಲ್ಲಿನ ವಸ್ತುಗಳ ಸ್ಕ್ರೂ ಮೇಲೊಂದು ಚೀಟಿ ಅಂಟಿಸಿ, ಒಳಗೆ ನೀವು ರಿಪೇರಿ ಮಾಡುವಂಥದ್ದೇನೂ ಇಲ್ಲ ಎಂದು ಬರೆದಿರುತ್ತಾರೆ. ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಇದೆಯೋ ಇಲ್ಲವೋ ನಾನು ನೋಡಿ ಹೇಳುತ್ತೇನೆ, ನೀನ್ಯಾರಪ್ಪ ಹೇಳುವುದಕ್ಕೆ?

ಚಟ ಸುಮ್ಮನೆ ಬಂದದ್ದಲ್ಲ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಬೆಂಗಳೂರಿನ ಒಂದು ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ಕೆಲಸಕ್ಕಿದ್ದವಳು ನಾನು. ಮದುವೆಯಾಗಿ ಟೆಕ್ಸಸ್ಸಿನ ಡಾಲಸ್ ಪಕ್ಕದ ಪ್ಲೇನೋಗೆ ಬಂದಾಗ ಗಂಡನ ವೀಸಾದ ಬಾಲವಾಗಿ ಬಂದೆ. ಬಾಲಕ್ಕೆ ಕೆಲಸ ಮಾಡುವ ಅನುಮತಿ ಇಲ್ಲ. ಏಳು ವರ್ಷ ನಾನು ಮಾಡಿದ ಕೆಲಸವೆಂದರೆ ಮಗಳನ್ನು ಹೆತ್ತು ಬೆಳೆಸುವುದು, ಅವಳನ್ನು ಕಾರಿನಲ್ಲಿ ಶಾಲೆಗೆ ಬಿಡುವುದು, ಕರೆತರುವುದು, ನಡುವೆ ಊರವರ ಮಿಕ್ಸಿ. ಕೊನೆಗೆ ಗ್ರೀನ್ ಕಾರ್ಡಿನ ದಾರಿಯಲ್ಲಿ ವರ್ಕ್ ಪರ್ಮಿಟ್ ಬಂತು. ಎಲ್ಲಿಗೆ ಅರ್ಜಿ ಹಾಕಿದರೂ ಉತ್ತರವಿಲ್ಲ, ಒಂದೇ ಒಂದು ಕಡೆಯಿಂದ ಕರೆ ಬಂತು. ಫಾರ್ಮರ್ಸ್ ಬ್ರಾಂಚ್ ಎಂಬ ಹತ್ತಿರದ ಊರಿನಲ್ಲಿ, ಎಲ್‌ಬಿಜೆ ಹೆದ್ದಾರಿಯ ಪಕ್ಕದಲ್ಲಿ, ಕರೆಂಟು ಅಳೆಯುವ ಮೀಟರುಗಳನ್ನು ತಯಾರಿಸುವ ಒಂದು ಸಣ್ಣ ಕಂಪನಿ. ದಸರಾ ಮುಗಿದ ಮೇಲಿನ ಎರಡನೇ ಸೋಮವಾರ ಇಂಟರ್‌ವ್ಯೂ ಎಂದರು. ಫೋನ್ ಇಟ್ಟವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಭಯವಾಯಿತು. ಏಳು ವರ್ಷ ಏನು ಮಾಡಿದಿರಿ ಎಂದು ಕೇಳಿದರೆ ಏನು ಹೇಳಲಿ?

ಇನ್ನು ಆಮೆಯ ವಿಷಯ. ನಮ್ಮ ಮನೆ ಕೊಂಡಾಗ ಹಿತ್ತಲಿನ ಈಜುಕೊಳವೂ ಜೊತೆಗೇ ಬಂತು, ಬೇಡ ಅನ್ನುವ ಹಾಗಿರಲಿಲ್ಲ. ಮಗಳು ಮೇಘಾ ಮೀನಿನ ಹಾಗೆ ಈಜುತ್ತಾಳೆ. ನನಗೆ ಈಜು ಬಾರದು. ಯಜಮಾನರು ಸೊಂಟದ ತನಕ ಇಳಿದು, ಮೂಗು ಹಿಡಿದು, ನದೀಸ್ನಾನದ ಹಾಗೆ ಮೂರು ಸಲ ಮುಳುಗಿ ಮೇಲೆ ಬರುತ್ತಾರೆ. ಈ ಕೊಳದ ತಳ ಗುಡಿಸುವುದಕ್ಕೆ ಒಂದು ರೋಬೋ ಇತ್ತು. ಉದ್ದ ವೈರು ಎಳೆದುಕೊಂಡು, ಹೊಟ್ಟೆಯಡಿಯಿಂದ ಕಸ ಸಮೇತ ನೀರು ಹೀರಿ, ಕಸವನ್ನು ಚೀಲದಲ್ಲಿ ಇಟ್ಟುಕೊಂಡು, ನೀರನ್ನು ಬೆನ್ನಿನ ಜಾಲರಿಯಿಂದ ಚಿಮ್ಮಿಸುತ್ತ ತೆವಳುತ್ತಿತ್ತು. ನಾವು ಅದನ್ನು ಆಮೆ ಎನ್ನುತ್ತಿದ್ದೆವು. ಯಜಮಾನರು ಸಾಫ್ಟ್‌ವೇರಿನವರಾದರೂ ಆಯುಧಪೂಜೆಯ ದಿನ ಅವರ ಭಕ್ತಿಗೆ ಎಲ್ಲೆಯಿಲ್ಲ. ಕಾರಿಗೆ, ಲ್ಯಾಪ್‌ಟಾಪಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ, ಎಲ್ಲಕ್ಕೂ ಅರಿಶಿನ ಕುಂಕುಮ ಹೂವು. ಆಮೆಯನ್ನೂ ನೀರಿನಿಂದ ಎತ್ತಿ, ಒರೆಸಿ, ಗಂಧ ಹಚ್ಚಿ, ಮಂತ್ರ ಹೇಳಿ ಮಂಗಳಾರತಿ ಎತ್ತಿದರು. ಮಾರನೇ ದಿನ ನೀರಿಗೆ ಬಿಟ್ಟರೆ ಅದು ಒಂದು ಸಲ ಮುಕ್ಕರಿದು ನಿಂತೇಹೋಯಿತು. ದಡದ ಮೇಲಿನ ಪವರ್ ಬಾಕ್ಸಿನ ದೀಪ ಕೆಂಪಗೆ ಮಿಟುಕಿ ಆರಿತು.

ಯಜಮಾನರ ಪ್ರಾಜೆಕ್ಟು ಆಗ ಆಸ್ಟಿನ್ನಿನಲ್ಲಿತ್ತು. ವಾರದ ದಿನಗಳಲ್ಲಿ ಅಲ್ಲಿ, ಶನಿವಾರ ಭಾನುವಾರ ಮನೆಯಲ್ಲಿ. ಹೊರಡುವಾಗ ಕಾರಿನ ಕಿಟಕಿ ಇಳಿಸಿ, “ವೀಣಾ, ಅದರ ತಂಟೆಗೆ ಹೋಗ್ಬೇಡ. ಹೊಸದು ಆರ್ಡರ್ ಮಾಡಿಬಿಡ್ತೀನಿ. ನೀನು ಇಂಟರ್‌ವ್ಯೂಗೆ ಓದ್ಕೋ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನಗೆ ಎಲ್ಲೋ ಚುಚ್ಚಿತು. ಆಗಲೇ ನಾನೊಂದು ಹುಚ್ಚು ನಿರ್ಧಾರ ಮಾಡಿದೆ, ಯಾರಿಗೂ ಹೇಳಲಿಲ್ಲ. ಸೋಮವಾರದೊಳಗೆ ಈ ಆಮೆ ನನ್ನ ಕೈಯಿಂದ ತೆವಳಬೇಕು. ತೆವಳಿದರೆ ಇಂಟರ್‌ವ್ಯೂಗೆ ಹೋಗುತ್ತೇನೆ. ಇಲ್ಲವಾದರೆ ನನ್ನ ಕೈಯಲ್ಲಿ ಏನೂ ಉಳಿದಿಲ್ಲ ಎಂದು ಒಪ್ಪಿಕೊಂಡು, ಹೋಗದೆ ಮನೆಯಲ್ಲಿರುತ್ತೇನೆ. ದೇವರ ಮುಂದೆ ಹೂವಿಟ್ಟು ಕೇಳುವವರು ನನಗಿಂತ ಎಷ್ಟೋ ಬುದ್ಧಿವಂತರು, ಹೂವು ಯಾವ ಕಡೆಗಾದರೂ ಒಂದು ಕಡೆ ಬಿದ್ದೇ ಬೀಳುತ್ತದೆ.

ಗ್ಯಾರೇಜಿನಲ್ಲಿ ಹಳೇ ಬೆಡ್‌ಶೀಟು ಹಾಸಿ ಆಮೆಯನ್ನು ಮಲಗಿಸಿದೆ. ಹೊಸ ಮಲ್ಟಿಮೀಟರ್ ತಂದೆ. ಅದರ ಕೆಂಪು ಕಡ್ಡಿ ಯಾವ ತೂತಿಗೆ ಎಂದು ಪುಸ್ತಕ ತೆರೆದು ನೋಡಿದ್ದನ್ನು ಈಗ ನಗುತ್ತ ಹೇಳುತ್ತೇನೆ, ಆಗ ಅಳು ಬಂದಿತ್ತು. ಪವರ್ ಬಾಕ್ಸ್ ನೋಡಿದೆ, ಕರೆಂಟು ಸರಿಯಾಗಿ ಬರುತ್ತಿತ್ತು. ವೈರನ್ನು ಗೇಣು ಗೇಣಾಗಿ ತಡವಿದೆ, ಎಲ್ಲೂ ತುಂಡಾಗಿರಲಿಲ್ಲ. ಹಾಗಾದರೆ ಮೋಟರೇ ಸುಟ್ಟಿರಬೇಕು ಎಂದುಕೊಂಡೆ. ಎಲೆಕ್ಟ್ರಾನಿಕ್ಸ್ ಓದಿದವಳಿಗೆ ಜಗತ್ತಿನ ಕಷ್ಟವೆಲ್ಲ ವೈರಿನಲ್ಲೇ ಇರುತ್ತದೆ. ಮೋಟರು ನೀರು ಹೋಗದಂತೆ ಮುಚ್ಚಿದ ಡಬ್ಬಿಯಲ್ಲಿತ್ತು. ಮೇಲೆ ಅದೇ ದರಿದ್ರ ಚೀಟಿ. ಅದನ್ನು ಕಿತ್ತು, ಡಬ್ಬಿಯನ್ನು ಆಮೆಯಿಂದ ಬಿಡಿಸಿ ತೊಡೆಯ ಮೇಲಿಟ್ಟು, ಉಗುರು ಮುರಿದುಕೊಂಡು ತೆಗೆದೆ. ಒಳಗಿನ, ನೀರು ತಡೆಯುವ ರಬ್ಬರ್ ರಿಂಗು ಹಳೆಯದಾಗಿ ಅಂಟಿಕೊಂಡಿತ್ತು, ಪರ್ರೆಂದು ಹರಿಯಿತು. ಹರಿದರೆ ಹರಿಯಲಿ ಎಂದು ಮೋಟರಿಗೆ ಕರೆಂಟು ಕೊಟ್ಟರೆ ಅದು ಗುಯ್ಯೆಂದು ತಿರುಗಿತು. ಮೋಟರಿಗೆ ಏನೂ ಆಗಿರಲಿಲ್ಲ.

ಆಮೇಲೆ ಬೆನ್ನಿನ ಜಾಲರಿ ತೆಗೆದು, ನೀರು ಚಿಮ್ಮುವ ಫ್ಯಾನಿನ ಸುತ್ತ ನೋಡಿದೆ. ಹಳದಿ ಬಣ್ಣದ ಅಕ್ಕಿ. ಮುಟ್ಟಿ ನೋಡಿದೆ, ಮೂಸಿ ನೋಡಿದೆ, ಅನುಮಾನವೇ ಇಲ್ಲ. ಮದುವೆ ಮಂಟಪದಲ್ಲಿ ವಧೂವರರ ತಲೆಗೆ ಹಾಕಿದ ಹಾಗೆ ಯಜಮಾನರು ಮುಷ್ಟಿ ಮುಷ್ಟಿ ಅಕ್ಷತೆ ಹಾಕಿದ್ದರು. ಜಾಲರಿಯಿಂದ ನೇರ ಒಳಗಿಳಿದ ಅಕ್ಕಿ ನೀರಲ್ಲಿ ನೆನೆದು, ಉಬ್ಬಿ, ಫ್ಯಾನನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಫ್ಯಾನು ತಿರುಗದೆ ಮೋಟರು ತಿಣುಕಿ, ಪವರ್ ಬಾಕ್ಸು ಹೆದರಿ ಕೈಬಿಟ್ಟಿತ್ತು. ಒಂದು ಟೀ ಚಮಚದ ಹಿಡಿಯಿಂದ ಕೆರೆದು ತೆಗೆಯಬಹುದಾಗಿದ್ದ ಕಾಯಿಲೆ. ಅದಕ್ಕೆ ನಾನು ಹೃದಯದ ಆಪರೇಷನ್ ಮಾಡಿ, ಸುಮ್ಮನೆ ನಿಂತಿದ್ದ ಯಂತ್ರವನ್ನು ನಿಜವಾಗಿಯೂ ಕೆಡಿಸಿ ಇಟ್ಟಿದ್ದೆ. ಆಸ್ಟಿನ್ನಿಗೆ ಫೋನ್ ಮಾಡಿ, ಅಕ್ಷತೆಯ ವಿಷಯವನ್ನು ಪೂರ್ತಿ ಹೇಳಿ, ರಿಂಗಿನ ವಿಷಯವನ್ನು ಬಿಟ್ಟು, ಯಜಮಾನರಿಗೆ ಮಂಗಳಾರತಿ ಮಾಡಿದೆ. ಅವರು ಎಲ್ಲ ಕೇಳಿಕೊಂಡು, ಅಕ್ಷತೆ ತಾನೇ, ಒಳ್ಳೆಯದೇ ಆಗುತ್ತದೆ ಬಿಡು ಎಂದರು. ಇಂಥವರ ಜೊತೆ ಜಗಳ ಆಡುವುದಾದರೂ ಹೇಗೆ?

ರಿಂಗಿಲ್ಲದೆ ನೀರಿಗೆ ಬಿಟ್ಟರೆ ಮೋಟರಿಗೆ ನೀರು ನುಗ್ಗಿ ಕಥೆ ಮುಗಿಯುತ್ತದೆ. ಡಾಲಸ್ ಸುತ್ತಮುತ್ತ ಎಲ್ಲೂ ಆ ರಿಂಗು ಇಲ್ಲ. ಹೂಸ್ಟನ್ನಿನ ಬಿಡಿಭಾಗಗಳ ಅಂಗಡಿಯೊಂದರ ನಂಬರ್ ಸಿಕ್ಕಿತು. ಆ ಕಡೆಯ ಮುದುಕ ಟೆಕ್ಸಸ್ಸಿನ ಎಳೆದಾಟದ ಇಂಗ್ಲಿಷಿನಲ್ಲಿ, ಅದನ್ನು ಯಾರೂ ಬಿಚ್ಚುವುದಿಲ್ಲ ಡಾರ್ಲಿಂಗ್, ಮೋಟರು ಡಬ್ಬಿ ಸಮೇತ ಬರುತ್ತದೆ ಎಂದ. ನಾನು ಬಿಚ್ಚಿಯಾಗಿದೆ ಎಂದೆ. ಯಾಕೆ ಎಂದ. ನಾನು ರಿಂಗಿನ ಅಳತೆ ಹೇಳಿದೆ. ಇದೇ ಸೈಜಿನದು ಬೇರೆ ಯಾವುದೋ ಪಂಪಿಗೆ ಬರುತ್ತದೆ, ಕಳಿಸುತ್ತೇನೆ, ನೀರು ನುಗ್ಗಿದರೆ ನನಗೆ ಫೋನ್ ಮಾಡಬೇಡ ಎಂದು ಇಟ್ಟ. ಅಲ್ಲಿಂದ ಪೋಸ್ಟ್ ಬರುವ ತನಕ ನನಗೆ ನಿದ್ದೆ ಇಲ್ಲ. ಇಂಟರ್‌ವ್ಯೂಗೆಂದು ಹಳೇ ಪುಸ್ತಕ ತೆರೆದರೆ ಅಕ್ಷರದ ಬದಲು ರಿಂಗೇ ಕಾಣುತ್ತಿತ್ತು. ಕೊಳದಲ್ಲಿ ಎಲೆ ಬಿದ್ದು ಕೊಳೆತು, ನೀರು ಪಾಲಕ್ ಸೊಪ್ಪು ಬೇಯಿಸಿದ ಬಣ್ಣಕ್ಕೆ ತಿರುಗಿತು. ಮೇಘಾ ಗ್ಯಾರೇಜಿನ ಬಾಗಿಲಲ್ಲಿ ನಿಂತು, “ಮಾಮ್, ಇಟ್ಸ್ ಡೆಡ್” ಎಂದು ಹೇಳಿ ಟಿವಿ ನೋಡಲು ಹೋದಳು.

ಪಕ್ಕದ ಊರು ಕ್ಯಾರಲ್ಟನ್ನಿನ ನನ್ನ ಗೆಳತಿ ಸುಮಂಗಲಾ ಹುಬ್ಬಳ್ಳಿಯವರು. ಇಂಟರ್‌ವ್ಯೂ ತಯಾರಿ ಮಾಡಿಸುತ್ತೇನೆಂದು ಬಂದರು. ನನ್ನನ್ನು ಗ್ರೀಸು ಮೆತ್ತಿದ ನೈಟಿಯಲ್ಲಿ ನೋಡಿ ಕೈಚೀಲ ಕೆಳಗಿಟ್ಟು, “ಏನ್ರೀ ವೀಣಾ, ಸೋಮವಾರ ಇಂಟರ್‌ವ್ಯೂ ಇಟ್ಕೊಂಡು ಸ್ಕ್ರೂ ತಿರುವ್ಕೋತ ಕುಂತೀರಲ್ಲ” ಎಂದರು. ಏಳು ವರ್ಷದ ಬಗ್ಗೆ ಕೇಳಿದರೆ ನಕ್ಕು ಫ್ಯಾಮಿಲಿ ಅನ್ನಬೇಕಂತೆ, ಇಲ್ಲಿನವರು ಮುಂದೆ ಕೇಳುವುದಿಲ್ಲವಂತೆ. ಸಮಾಜಸೇವೆ ಎಂದೂ ಸೇರಿಸಬಹುದಂತೆ, ಹೋದ ಯುಗಾದಿಗೆ ನಾನು ಇನ್ನೂರು ಜನಕ್ಕೆ ಪುಳಿಯೋಗರೆ ಕಲೆಸಿರಲಿಲ್ಲವೇ. ನಾನು ಹೂಂ ಹೂಂ ಎಂದೆ. ಹೋಗುತ್ತೇನೋ ಇಲ್ಲವೋ ಎಂಬುದು ಗ್ಯಾರೇಜಿನಲ್ಲಿ ಬೋರಲು ಬಿದ್ದಿದೆ ಎಂದು ಅವರಿಗೆ ಹೇಗೆ ಹೇಳಲಿ?

ರಿಂಗು ಶನಿವಾರ ಬಂತು. ಭಾನುವಾರ ಸಂಜೆ ಹೊತ್ತಿಗೆ ಎಲ್ಲವನ್ನೂ ಜೋಡಿಸಿ ಆಮೆಯನ್ನು ಎತ್ತಿಕೊಂಡು ಕೊಳದ ಅಂಚಿಗೆ ಬಂದೆ. ಆಸ್ಟಿನ್ನಿನಿಂದ ಬಂದಿದ್ದ ಯಜಮಾನರು ಪಕ್ಕದಲ್ಲಿ ನಿಂತರು. ಏನೋ ಗುನುಗುತ್ತಿದ್ದರು. ಅವರ ಎರಡೂ ಕೈಯನ್ನು ನಾನು ಮೊದಲು ಬಿಡಿಸಿ ನೋಡಿದೆ, ಖಾಲಿ ಇತ್ತು. ಆಮೆಯನ್ನು ನೀರಿಗಿಳಿಸಿದೆ. ಅದು ತಳಕ್ಕೆ ಹೋಗುತ್ತ ಹೋಗುತ್ತ ಗುಳ್ಳೆ ಬಿಟ್ಟಿತು. ಗುಳ್ಳೆ ಬರುತ್ತಿದೆಯೆಂದರೆ ಒಳಗಿನ ಗಾಳಿ ಹೊರಗೆ, ಹೊರಗಿನ ನೀರು ಒಳಗೆ. ಎಳೆದುಬಿಡಲೇ ಎಂದರೆ ಕೈ ಬರಲಿಲ್ಲ. ಯಜಮಾನರು ಗುನುಗುವುದನ್ನು ನಿಲ್ಲಿಸಿದರು. ಗುಳ್ಳೆ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತಿತು. ಮೇಲಿನ ಚಿಪ್ಪಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಇರಬೇಕು. ಸ್ವಿಚ್ಚು ಒತ್ತಿದೆ. ಕೆಂಪು ದೀಪ ಬರಲಿಲ್ಲ. ಆ ಹಸಿರು ನೀರಿನಡಿಯಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ, ನೀರ ಮೇಲೆ ತೇಲುವ ವೈರು ಮಾತ್ರ ಕಾಣುತ್ತಿತ್ತು. ಆ ವೈರು ಮೆಲ್ಲಗೆ, ಬಹಳ ಮೆಲ್ಲಗೆ, ಆ ಕಡೆಯ ದಡದತ್ತ ಹೊರಟಿತು. ನಾನು ಅಲ್ಲೇ ಸಿಮೆಂಟಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಪಾಪ, ಹೊಸದಕ್ಕೆ ಇಷ್ಟು ಆಸೆ ಇತ್ತೇನೋ ಎಂದು ಯಜಮಾನರು ಗಾಬರಿಯಾದರು.

ಸೋಮವಾರ ಹೋದೆ. ಇಂಟರ್‌ವ್ಯೂ ಮಾಡಿದವರು ಬಿಳಿ ಮೀಸೆಯ, ನಿಧಾನದ ಮನುಷ್ಯ. ನನ್ನ ಕಾಗದ ನೋಡಿ, ಸುಮಂಗಲಾ ಹೇಳಿದ್ದ ಜಾಗಕ್ಕೇ ಬೆರಳಿಟ್ಟು, ಈ ಏಳು ವರ್ಷ ಎಂದರು. ನಕ್ಕು ಫ್ಯಾಮಿಲಿ ಅನ್ನಬೇಕಿತ್ತು. ಬಾಯಿಗೆ ಬಂದದ್ದು ನಿನ್ನೆಯ ಆಮೆ. ಹೇಳುತ್ತ ಹೋದೆ, ವೈರು, ಮೋಟರು, ಅಕ್ಕಿ. ಯಾಕೆ ಅಕ್ಕಿ ಹಾಕಿದರು ಎಂದು ಕೇಳಿದರು. ಯಂತ್ರ ಕೆಡದೆ ಇರಲಿ ಎಂದು ಅಂದೆ. ಅವರು ಮೀಸೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು. ರಿಂಗು ಹರಿದದ್ದನ್ನೂ ಹೇಳಿದೆ, ಯಜಮಾನರಿಗೂ ಹೇಳಿರದಿದ್ದದ್ದನ್ನು. ಆಗ ಅವರು ಪೆನ್ನು ಕೆಳಗಿಟ್ಟು, ಇಷ್ಟೆಲ್ಲ ಯಾಕೆ, ಹೊಸದು ಕೊಳ್ಳಬಹುದಿತ್ತಲ್ಲ ಎಂದರು.

“ಅದು ಕೆಟ್ಟಿರಲಿಲ್ಲ ಸರ್, ನಿಂತಿತ್ತು ಅಷ್ಟೇ” ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹೇಳಿದ ಮೇಲೆ ನನ್ನ ದನಿ ಸ್ವಲ್ಪ ಜೋರಾಯಿತು ಅನ್ನಿಸಿತು. ಅವರು ನನ್ನನ್ನೂ ನನ್ನ ಕಾಗದವನ್ನೂ ಒಂದು ಸಲ ನೋಡಿ, ಆ ಏಳು ವರ್ಷದ ಮೇಲಿಟ್ಟಿದ್ದ ಬೆರಳನ್ನು ತೆಗೆದರು. ಅದೇ ವಾರ ಕೆಲಸಕ್ಕೆ ಬರಲು ಹೇಳಿ ಫೋನ್ ಬಂತು. ಸುಮಂಗಲಾ ತಮ್ಮ ಸಲಹೆಯಿಂದಲೇ ಆದದ್ದೆಂದು ಧಾರವಾಡ ಪೇಡೆ ಮಾಡಿ ತಂದರು, ನಾನೂ ಅಲ್ಲವೆನ್ನಲಿಲ್ಲ.

ಕೆಲಸ ಏನೆಂದರೆ, ಗಿರಾಕಿಗಳು ವಾಪಸ್ ಕಳಿಸಿದ ಮೀಟರುಗಳನ್ನು ಪರೀಕ್ಷಿಸುವುದು. ಮೊದಲ ದಿನವೇ ನನ್ನ ಮುಂದೆ ಒಂದು ರಾಶಿ ಸುರಿದು ವಿಧಾನ ಹೇಳಿಕೊಟ್ಟರು. ಕರೆಂಟು ಕೊಡಬೇಕು. ದೀಪ ಹತ್ತದಿದ್ದರೆ ಇನ್ನೊಂದು ಸಲ ಕೊಡಬೇಕು. ಆಗಲೂ ಹತ್ತದಿದ್ದರೆ ಕೆಂಪು ಚೀಟಿ ಅಂಟಿಸಿ ಕಸದ ಡಬ್ಬಕ್ಕೆ ಎಸೆಯಬೇಕು. ಬಿಚ್ಚುವ ಹಾಗಿಲ್ಲ. ನನಗೆ ಕೈ ಕಡಿಯತೊಡಗಿತು. ಒಂದು ಮೀಟರನ್ನು ಅಲ್ಲಾಡಿಸಿದರೆ ಒಳಗೆ ಏನೋ ಲೊಟಲೊಟ ಎನ್ನುತ್ತಿತ್ತು, ಬರೀ ಒಂದು ತುಣುಕು ಸಡಿಲವಾಗಿದೆ ಎಂದು ಮಗುವಿಗೂ ತಿಳಿಯುವ ಹಾಗೆ. ತಡೆಯಲಾರದೆ ಅದನ್ನು ಎತ್ತಿಕೊಂಡು ಬಿಳಿ ಮೀಸೆಯವರ ಕೋಣೆಗೆ ಹೋದೆ. ಇದು ಕೆಟ್ಟಿಲ್ಲ ಸರ್, ಒಂದು ಸಲ ಬಿಚ್ಚಿ ನೋಡಲೇ ಎಂದೆ. ಅವರು ಬಹಳ ಮೃದುವಾಗಿ, “ವೀಣಾ, ಬಿಡು. ನಿನ್ನ ಸಮಯಕ್ಕೆ ಬೆಲೆ ಇದೆ” ಎಂದರು. ಏಳು ವರ್ಷದಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ನನ್ನ ಸಮಯಕ್ಕೂ ಬೆಲೆ ಇದೆಯಂತೆ. ಕಣ್ಣು ತುಂಬಿ ಬಂತು. ಥ್ಯಾಂಕ್ ಯೂ ಹೇಳಿ ನನ್ನ ಜಾಗಕ್ಕೆ ಬಂದು ಕೂತು, ಕೈಯಲ್ಲಿದ್ದ ಮೀಟರಿಗೆ ಕೆಂಪು ಚೀಟಿ ಅಂಟಿಸಿದೆ. ಆ ಸಂತೋಷದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಡಬ್ಬ ತುಂಬಿಸಿದೆ.