ಮೂವತ್ತನೆಯ ಹ್ಯಾಮ್‌ಸ್ಟರ್

ಎಲ್ಲದಕ್ಕೂ ಕಾರಣ ಶೇಂಗಾ. ಅಕ್ಕಲಕೋಟದ ಪ್ರಹ್ಲಾದನ ಮನೆಯಲ್ಲಿ ಬೆಳಿಗ್ಗೆ ಆರೂವರೆಗೆ ಅವನ ಹೆಂಡತಿ ಮುಕ್ತಾ ಚಟ್ನಿ ಕುಟ್ಟಲೆಂದು ಹುರಿದ ಶೇಂಗಾದ ಡಬ್ಬಿಗೆ ಕೈಹಾಕಿದಳು. ರಾತ್ರಿ ಮುಚ್ಚಳ ಹಾಕಲು ಮರೆತಿದ್ದ ಡಬ್ಬಿ ಅದು. ಶೇಂಗಾಕ್ಕಿಂತ ಮೊದಲು ಕೈಗೆ ಏನೋ ಮೆತ್ತಗೆ, ಬೆಚ್ಚಗೆ ತಗಲಿತು.

"ಅಯ್ಯಯ್ಯೋ! ರೀ, ಓಡಿ ಬರ್ರಿ! ಡಬ್ಬ್ಯಾಗ ಏನೋ ಉಸರಾಡಾಕತ್ತದ!"

ಹಲ್ಲುಜ್ಜುತ್ತಿದ್ದ ಪ್ರಹ್ಲಾದ ಬಾಯಿ ತುಂಬ ನೊರೆ ಇಟ್ಟುಕೊಂಡೇ ಓಡಿಬಂದು ಡಬ್ಬಿಯೊಳಗೆ ಇಣುಕಿದ. ಇಣುಕಿದವನು ನೊರೆಯನ್ನು ಹಾಗೇ ನುಂಗಿಬಿಟ್ಟ.

ಬಂಗಾರದ ಬಣ್ಣದ, ಬಾಲ ಇದ್ದೂ ಇಲ್ಲದಂಥ, ಮುಷ್ಟಿಯಷ್ಟು ದೊಡ್ಡ ಪ್ರಾಣಿಯೊಂದು ಅಲ್ಲಿ ಕೂತು ಎರಡೂ ಗಲ್ಲದೊಳಗೆ ಶೇಂಗಾ ತುಂಬಿಕೊಳ್ಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಇಲಿ ಎಂದು ಕಸಬರಿಗೆ ಎತ್ತುತ್ತಿದ್ದರು. ಪ್ರಹ್ಲಾದನಿಗೆ ಅದು ಹ್ಯಾಮ್‌ಸ್ಟರ್ ಎಂದು ಗೊತ್ತಿತ್ತು. ಅವನ ಅನ್ನ ಹುಟ್ಟುವುದೇ ಹ್ಯಾಮ್‌ಸ್ಟರ್‌ಗಳಿಂದ.

ಸೊಲ್ಲಾಪುರದ ಆಚೆ ಚಿಂಚೋಳಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಪ್ರಯೋಗಾಲಯಗಳಿಗೆಂದು ಪ್ರಾಣಿ ಸಾಕುವ ಸಂಸ್ಥೆಯೊಂದರಲ್ಲಿ ಅವನು ಗುಮಾಸ್ತ. ಕೊರೊನಾ ಯಾವ ಪ್ರಾಣಿಗೆ ಹೇಗೆ ಹತ್ತುತ್ತದೆ ಎಂದು ನೋಡುವ ಪುಣೆಯ ವಿಜ್ಞಾನಿಗಳಿಗೆ ಇಲ್ಲಿಂದ ರೋಗರುಜಿನವಿಲ್ಲದ ಹ್ಯಾಮ್‌ಸ್ಟರ್‌ಗಳು ಹೋಗುತ್ತವೆ. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಪುಣೆಯ ಗಾಡಿಗೆ ಮೂವತ್ತನ್ನು ಎಣಿಸಿ ಒಪ್ಪಿಸಬೇಕು. ಒಪ್ಪಿಸಿದರೆ ಮೂರು ವರ್ಷದಿಂದ ಕಾಯುತ್ತಿದ್ದ ನೌಕರಿ ಕಾಯಂ. ಡಾಕ್ಟರ್ ಪರಾಗ ಅವರು ಪತ್ರಕ್ಕೆ ಸಹಿ ಕೂಡ ಮಾಡಿಟ್ಟಿದ್ದರು.

"ಮುಕ್ತಾ, ಕೆಟ್ಟೆ ನಾನು. ಇದು ಮೂವತ್ತರಾಗಿಂದು ಒಂದು!"

"ಅಲ್ಲಿಂದ ಇಲ್ಲಿಗೆ ಹ್ಯಾಂಗ ಬರ್ತದರಿ?"

ಹೇಗೆ ಬಂತೆಂದು ಪ್ರಹ್ಲಾದನಿಗೆ ಮಾತ್ರ ಗೊತ್ತು. ಪ್ರಾಣಿಗಳ ಕೋಣೆಗೆ ತಿನ್ನುವ ಪದಾರ್ಥ ಒಯ್ಯಬಾರದು ಎಂಬುದು ಅಲ್ಲಿಯ ಮೊದಲ ನಿಯಮ. ನಿನ್ನೆ ಹಸಿವು ತಡೆಯದೆ ಅವನು ಅಲ್ಲೇ ಕಪಾಟಿನ ಹಿಂದೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದಿದ್ದ. ಚೀಲ ಬಾಯಿ ತೆರೆದುಕೊಂಡು ಬಿದ್ದಿತ್ತು. ಚಟ್ನಿಯ ವಾಸನೆಗೆ ಇದು ಒಳಗೆ ಹೊಕ್ಕಿರಬೇಕು.

"ಆಫೀಸಿಗೆ ಫೋನ್ ಮಾಡ್ರಿ, ಅಷ್ಟs ಹೌದಿಲ್ಲೋ?"

"ಮಾಡಿದ್ರ ಬುತ್ತಿ ಒಳಗ ಯಾಕ ಒಯ್ದಿ ಅಂತ ಕೇಳ್ತಾರ. ಹನ್ನೆರಡರೊಳಗ ಸುಮ್ಮನ ಒಯ್ದು ಪಂಜರದಾಗ ಬಿಡ್ತೀನಿ. ನೀ ಮಾತ್ರ ಬಾಯಿ ಮುಚ್ಚಿಕೊಂಡಿರು."

ಆದರೆ ಮುಕ್ತಾಳ ಕೂಗು ಆಗಲೇ ಓಣಿ ಸುತ್ತಿ ಬಂದಿತ್ತು. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯಿಂದ ಕಿರಾಣಿ ಅಂಗಡಿಯ ಕಸ್ತೂರಬಾಯಿ ನೆಗಡಿಯ ಮೂಗಿಗೆ ಸೆರಗು ಒತ್ತಿಕೊಂಡು ಬಂದರು. ಅವರ ಬೆನ್ನಿಗೆ ಸೊಸೆ ರೂಪಾಲಿ, ನಾಲ್ಕು ತಿಂಗಳ ಹಿಂದೆ ಪುಣೆಯಿಂದ ಮದುವೆಯಾಗಿ ಬಂದವಳು. ಎದುರು ಮನೆಯಿಂದ ನಿವೃತ್ತ ಬಸ್ ಕಂಡಕ್ಟರ್ ಧೂಳಪ್ಪ ಕೆಮ್ಮುತ್ತ ಬಂದರು. ಕರೆಯದೆ ಬರುವುದರಲ್ಲಿ ಧೂಳಪ್ಪನಷ್ಟು ನೇಮದವರು ಆ ಓಣಿಯಲ್ಲಿ ಇನ್ನೊಬ್ಬರಿಲ್ಲ.

"ಅಗಬಾಯಿ, ಇಲಿ!" ಎಂದು ಕಸ್ತೂರಬಾಯಿ ಡಬ್ಬಿಯ ಮೇಲೆ ಬಾಗಿ ಎರಡು ಸಲ ಸೀನಿದರು. "ನಮ್ಮ ಮನ್ಯಾಗ ಇಲಿ ಅಂದ್ರ ಆಗಿಬರೂದಿಲ್ಲ. ಹೊಡದ ಹಾಕು!"

"ಅಣ್ಣಾರ, ಹೊಡೀಬ್ಯಾಡ್ರಿ!" ಎಂದು ರೂಪಾಲಿ ಚೀರಿದಳು.

"ಯಾರ ಹೊಡೀತಾರ ತಂಗಿ? ಇದು ಇಲಿ ಅಲ್ಲ, ನಮ್ಮ ಲ್ಯಾಬಿನ ಹ್ಯಾಮ್‌ಸ್ಟರ್."

"ಲ್ಯಾಬಿಂದು?" ಧೂಳಪ್ಪನ ಕೆಮ್ಮು ನಿಂತಿತು. "ಅಂದ್ರ ಕೊರೊನಾದ್ದು!"

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಪ್ರಹ್ಲಾದನಿಗೆ ಎರಡೂ ತಿಳಿಯದು. ತಿನ್ನಬಾರದ ಕಡೆ ರೊಟ್ಟಿ ತಿಂದಾಗಿತ್ತು, ಈಗ ಆಡಬಾರದ ಕಡೆ ಬಾಯಿಬಿಟ್ಟ.

"ಇಲ್ರಿ ಮಾಮಾ, ನಮ್ಮಲ್ಲಿ ಇರೂವೆಲ್ಲಾ ಚೊಕ್ಕ ಆರೋಗ್ಯದ್ದು. ಪುಣೆದಾಗ ಇವಕ್ಕ ಕೊರೊನಾ ಹತ್ತಿಸಿ ನೋಡ್ತಾರ. ಮೈ ಇಳೀತದ, ತೂಕ ಕಡಿಮಿ ಆಗ್ತದ, ಎರಡು ವಾರದಾಗ ಮತ್ತ ಮೊದಲಿನಂಗ. ಹಿಂಗ ಒಂದೊಂದ ಪ್ರಾಣಿದು ಒಂದೊಂದ ನಮೂನಿ. ನಾಯಿಗೆ ಹತ್ತೂದs ಕಡಿಮಿ. ಬೆಕ್ಕಿಗೆ ಹತ್ತತದ, ಆದ್ರ ಹೊರಗ ತೋರಿಸಿಕೊಳ್ಳೂದಿಲ್ಲ, ಮತ್ತೊಂದು ಬೆಕ್ಕಿಗೂ ದಾಟಸ್ತದ."

ಧೂಳಪ್ಪ ನಾಯಿ ಸಾಕಿದವರು, ಕಸ್ತೂರಬಾಯಿ ಬೆಕ್ಕು ಸಾಕಿದವರು. ಧೂಳಪ್ಪ ಮೀಸೆಯ ಮೇಲೆ ಕೈ ಆಡಿಸಿಕೊಂಡರು. ಕಸ್ತೂರಬಾಯಿ ಹೊಸ್ತಿಲ ಬಳಿ ಡಬ್ಬಿಯನ್ನೇ ನೋಡುತ್ತ ಕೂತಿದ್ದ ತಮ್ಮ ಬೆಕ್ಕನ್ನು ಎತ್ತಿಕೊಂಡರು, ನೆನಪಾಗಿ ಅಲ್ಲೇ ಕೈಬಿಟ್ಟರು.

"ನಮ್ಮ ಸೋನಿ ಇದನ್ನ ಮೂಸಿ ನೋಡ್ಯಾಳಲ್ಲೋ ಪ್ರಹ್ಲಾದ! ಆಕಿಗೇನರೆ ಆದ್ರ ನಿನ್ನ ಬಿಡೂದಿಲ್ಲ ನಾ!"

"ಓಣಿ ಬಂದ್ ಮಾಡಬೇಕು!" ಎಂದು ಧೂಳಪ್ಪ ಹೊರಗೆ ನಿಂತು ಸಾರಿದರು. "ಯಾರೂ ಮನಿ ಬಿಟ್ಟು ಹೊರಗ ಬರಬ್ಯಾಡ್ರಿ!" ಅದನ್ನು ಕೇಳಲು ಎಲ್ಲರೂ ಮನೆ ಬಿಟ್ಟು ಹೊರಗೆ ಬಂದರು. ಯಾರೋ ಹಳೆಯ ಮಾಸ್ಕ್ ಹುಡುಕಿದರು, ಯಾರೋ ಕಷಾಯಕ್ಕೆ ಇಟ್ಟರು.

ಆ ಗದ್ದಲದಲ್ಲಿ ರೂಪಾಲಿ ಮೆಲ್ಲಗೆ ಹತ್ತಿರ ಬಂದಳು. "ಅಣ್ಣಾರ, ಒಂದ ಮಾತು..."

"ಹೆದರಬ್ಯಾಡ ತಂಗಿ, ನಿನಗೇನೂ ಆಗೂದಿಲ್ಲ."

"ಹಂಗಲ್ರಿ, ಇದು..."

"ರೂಪಾಲೀ, ಒಳಗ ನಡಿ!" ಅತ್ತೆಯ ದನಿ ಬಂತು. ಅವಳು ಹಿಂದಕ್ಕೆ ನೋಡುತ್ತಲೇ ಹೋದಳು. ಓಣಿಯ ಮಂದಿಯಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಒಂಬತ್ತಾಗಿತ್ತು. ಪ್ರಹ್ಲಾದ ಡಬ್ಬಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಬಸ್ ಸ್ಟ್ಯಾಂಡಿಗೆ ಓಡಿದ.

ಸೊಲ್ಲಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಬ್ಬಾ ಎಂದು ಉಸಿರು ಬಿಡುವಷ್ಟರಲ್ಲಿ ಪಕ್ಕದಲ್ಲಿ ಧೂಳಪ್ಪ ಬಂದು ಕೂತರು.

"ಮಾಮಾ, ನೀವ್ಯಾಕ?"

"ನಿನ್ನ ಒಬ್ಬನ್ನ ಬಿಡಲಿ ಹ್ಯಾಂಗ? ಮೂವತ್ತ ವರ್ಷ ಈ ರೂಟಿನ್ಯಾಗ ಘಂಟಿ ಹೊಡದೀನಿ." ಬಸ್ಸು ಊರು ದಾಟುತ್ತಲೇ ಅವರೊಳಗಿನ ಹಳೆಯ ಕಂಡಕ್ಟರ್ ಎದ್ದು ನಿಂತ. "ಮಂದಿ ಎಲ್ಲಾ ಸ್ವಲ್ಪ ದೂರ ಸರೀರಿ! ನಮ್ಮ ಡಬ್ಬ್ಯಾಗ ಕೊರೊನಾ ಲ್ಯಾಬಿನ ಇಲಿ ಅದ!"

ಬಸ್ಸಿನ ಮುಂಭಾಗ ಒಂದೇ ಏಟಿಗೆ ಖಾಲಿಯಾಯಿತು. ಹಿಂದೆ ಜನ ಒಬ್ಬರ ಮೇಲೊಬ್ಬರು ಬಿದ್ದರು. ಡ್ರೈವರ್ ಬ್ರೇಕ್ ಒತ್ತಿ, ಇಳಿಯುತ್ತೀರೋ ಇಳಿಸಲೋ ಎಂದು ಕೇಳಿದ. ಪ್ರಹ್ಲಾದನ ಗಡಿಯಾರದಲ್ಲಿ ಒಂಬತ್ತೂವರೆ. ಇಳಿದರೆ ನೌಕರಿಯೂ ಅಲ್ಲೇ ಇಳಿಯುತ್ತದೆ. ಅವನು ಎದ್ದು ಕೈಮುಗಿದ.

"ಅಣ್ಣಾರ, ಅಕ್ಕಾರ, ಇದಕ್ಕ ಯಾವ ರೋಗಾನೂ ಇಲ್ಲ! ವಿಜ್ಞಾನದವರು ಎಲ್ಲಾ ಪ್ರಾಣಿ ನೋಡ್ಯಾರ. ಮಂಗ್ಯಾಗ ಸ್ವಲ್ಪ ಜ್ವರ ಬರ್ತದ. ಮೊದಲ ಬಂದ ಕೊರೊನಾ ಮನಿ ಇಲಿಗೆ ಹತ್ತಲೇ ಇಲ್ಲ. ಹಂದಿಗೆ ಇಲ್ಲ, ಬಾತುಕೋಳಿಗೆ ಇಲ್ಲ, ಕೋಳಿಗಂತೂ..."

"ಕೋಳಿಗೆ?" ಎಂದು ಬುಟ್ಟಿಯ ಭಾರಕ್ಕೆ ಏಳದೆ ಮೂರನೇ ಸೀಟಿನಲ್ಲೇ ಉಳಿದಿದ್ದ ತಡವಳ ಊರಿನ ಹೆಂಗಸೊಬ್ಬಳು ಕೇಳಿದಳು. ಅವಳ ತೊಡೆಯ ಮೇಲಿನ ಆ ಬುಟ್ಟಿಯಲ್ಲಿ ಎರಡು ಕೋಳಿ ಇದ್ದವು.

"ಕೋಳಿಗೆ ಹತ್ತೂದಿಲ್ಲರಿ."

ಹಿಂದಿದ್ದ ಜನವೆಲ್ಲ ಎದ್ದು ಬಂದು ಕೋಳಿಬುಟ್ಟಿಯ ಸುತ್ತ ಮುತ್ತಿಕೊಂಡರು. ಪ್ರಹ್ಲಾದ ಹೇಳಿದ್ದಕ್ಕೂ ಅವರು ತಿಳಿದುಕೊಂಡದ್ದಕ್ಕೂ ಸಂಬಂಧವಿರಲಿಲ್ಲ. ಒಬ್ಬ ದೊಡ್ಡಮನುಷ್ಯ ಕೋಳಿಯ ಪುಕ್ಕ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. "ಸರೀರಿ ಅತ್ತಾಗ! ಉಸರು ಕಟ್ಟಿ ಸಾಯ್ತಾವ ನನ್ನ ಕೋಳಿ!" ಎಂದು ಆ ಹೆಂಗಸು ಬುಟ್ಟಿಯನ್ನು ಅಪ್ಪಿಕೊಂಡು ಕೂಗಾಡಿದಳು. ಡ್ರೈವರ್ ಒಮ್ಮೆ ಕೋಳಿಗಳನ್ನು ನೋಡಿ, ಧೈರ್ಯ ತಂದುಕೊಂಡು ಗಾಡಿ ಬಿಟ್ಟ.

ಅಷ್ಟರಲ್ಲಿ ಪ್ರಹ್ಲಾದನ ಫೋನು ರಿಂಗಾಯಿತು. ರೂಪಾಲಿ. ಪಾಪ, ಇನ್ನೂ ಹೆದರಿದ್ದಾಳೆ ಎಂದುಕೊಂಡು ಕಟ್ ಮಾಡಿದ. ಮತ್ತೆ ರಿಂಗಾಯಿತು, ಮತ್ತೆ ಕಟ್ ಮಾಡಿದ. ಆ ಎರಡು ನಿಮಿಷದಲ್ಲಿ ಹ್ಯಾಮ್‌ಸ್ಟರ್ ಬಟ್ಟೆ ಕಡಿದು ಹೊರಬಂದು, ಹತ್ತಿರದಲ್ಲಿದ್ದ ಕತ್ತಲೆಯ ದಾರಿ ಹಿಡಿಯಿತು. ಆ ದಾರಿ ಧೂಳಪ್ಪನ ಪಾಯಿಜಾಮ.

"ಏರಾಕತ್ತದೋ! ಮ್ಯಾಲೆ ಏರಾಕತ್ತದ!" ಎಂದು ಧೂಳಪ್ಪ ಸೀಟಿನ ಮೇಲೆ ಹತ್ತಿ ಕುಣಿದರು. ಮೂವತ್ತು ವರ್ಷದ ಸರ್ವಿಸ್ಸಿನಲ್ಲಿ ಆ ರೂಟು ಅವರನ್ನು ಹಾಗೆ ನೋಡಿರಲಿಲ್ಲ. ಪ್ರಹ್ಲಾದ ಕಾಲ ಬಳಿ ಶೇಂಗಾ ಹಿಡಿದು ಕೂತ. ಹ್ಯಾಮ್‌ಸ್ಟರ್ ಇಳಿದು ಬಂದು ಶೇಂಗಾ ಗಲ್ಲಕ್ಕೆ ಹಾಕಿಕೊಂಡು ಕೈಗೆ ಸಿಕ್ಕಿತು. ಧೂಳಪ್ಪ ಏದುಸಿರಿನಲ್ಲಿ ಅದರ ಮುಖದ ಮೇಲೆಯೇ ಕೆಮ್ಮಿದರು.

ಸೊಲ್ಲಾಪುರದಿಂದ ರಿಕ್ಷಾ ಹಿಡಿದು ಚಿಂಚೋಳಿ ಮುಟ್ಟಿದಾಗ ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಬಾಕಿ. ಧೂಳಪ್ಪನನ್ನು ಗೇಟಿನಲ್ಲಿ ನಿಲ್ಲಿಸಿ, ಕೈಕಾಲು ತೊಳೆದು, ಬಿಳಿ ಕೋಟು ಹಾಕಿ, ಹ್ಯಾಮ್‌ಸ್ಟರನ್ನು ಕೋಟಿನ ಜೇಬಿಗೆ ಇಳಿಸಿ ಪ್ರಹ್ಲಾದ ಒಳಗೆ ನುಸುಳಿದ. ಮೂರು ಪಂಜರ, ಒಂದೊಂದರಲ್ಲಿ ಹತ್ತು ಇರಬೇಕು. ಮೊದಲನೆಯದರಲ್ಲಿ ಹತ್ತು. ಎರಡನೆಯದರಲ್ಲಿ ಹತ್ತು. ಮೂರನೆಯದರಲ್ಲಿ ಒಂಬತ್ತು.

ಒಂಬತ್ತು! ಹುಟ್ಟಿದಾಗಿನಿಂದ ಯಾವ ಸಂಖ್ಯೆಯೂ ಅವನಿಗೆ ಅಷ್ಟು ಸುಂದರವಾಗಿ ಕಂಡಿರಲಿಲ್ಲ. ಮುಚ್ಚಳ ಎತ್ತಿ ಜೇಬಿನದನ್ನು ಒಳಗೆ ಬಿಟ್ಟ. ಅದು ಎಲ್ಲವುಗಳ ಮೂಗಿಗೆ ಮೂಗು ತಿಕ್ಕಿ ಪರಿಚಯ ಮಾಡಿಕೊಂಡಿತು. ಪ್ರಹ್ಲಾದನಿಗೆ ಕುಣಿಯಬೇಕೆನ್ನಿಸಿತು.

ಡಾಕ್ಟರ್ ಪರಾಗ ಕಾಯಂ ಪತ್ರವನ್ನು ಕೈಯಲ್ಲೇ ಹಿಡಿದುಕೊಂಡು ಬಂದರು. ಒಂದೊಂದನ್ನೇ ಎತ್ತಿ ಎಣಿಸಿದರು. "ಹತ್ತು... ಹತ್ತು... ಇಲ್ಲೂ ಹತ್ತು. ಶಾಬ್ಬಾಸ್!" ಎನ್ನುವಷ್ಟರಲ್ಲಿ ಮೂರನೆಯ ಪಂಜರದ ಮೂಲೆಯ ರಟ್ಟಿನ ಕೊಳವೆಯಿಂದ ಇನ್ನೊಂದು ಹ್ಯಾಮ್‌ಸ್ಟರ್ ಆಕಳಿಸುತ್ತ ಹೊರಗೆ ಬಂತು. ಬೆಳಗಿನಿಂದ ಅದು ಅಲ್ಲೇ ನಿದ್ದೆ ಮಾಡುತ್ತಿತ್ತು.

"ಹನ್ನೊಂದು? ಮೂವತ್ತೊಂದು ಹ್ಯಾಂಗ ಆದೂವು ಪ್ರಹ್ಲಾದ?"

"ಸರ್, ರಾತ್ರಿ... ಒಂದು ಮರಿ ಹಾಕಿರಬೇಕ್ರಿ."

"ಇವೆಲ್ಲಾ ಗಂಡು ಅದಾವ."

ಫೋನು ಮತ್ತೆ ರಿಂಗಾಯಿತು. "ಎತ್ತು, ಸ್ಪೀಕರಿಗೆ ಹಾಕು," ಎಂದರು ಡಾಕ್ಟರ್.

"ಅಣ್ಣಾರ, ಮುಂಜಾನಿಂದ ಹೇಳಾಕತ್ತೀನಿ," ರೂಪಾಲಿ ಅಳುತ್ತ ಪಿಸುಗುಟ್ಟಿದಳು. "ಅದು ನಿಮ್ಮ ಲ್ಯಾಬಿಂದು ಅಲ್ರಿ, ನಮ್ಮ ಮೋತಿ! ತವರುಮನಿಂದ ಬಚ್ಚಿಟ್ಟು ತಂದೀನಿ. ರಾತ್ರಿ ಕಿಡಕಿ ಹಾರಿ ನಿಮ್ಮ ಅಡಗಿಮನಿಗೆ ಬಂದದ. ಅತ್ತಿಗೆ ಮಾತ್ರ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಹೇಳೂದಿಲ್ಲ ತಂಗಿ," ಎಂದ ಪ್ರಹ್ಲಾದ. ಅಳುವ ಹೆಣ್ಣುಮಗಳಿಗೆ ಮತ್ತೇನು ಹೇಳುತ್ತಾನೆ.

ಡಾಕ್ಟರ್ ಅವನಿಂದ ಎರಡು ಹೆಜ್ಜೆ ಹಿಂದೆ ಸರಿದರು. "ಇದನ್ನ ಯಾರಾರ ಮುಟ್ಯಾರ? ಯಾರಿಗರೆ ನೆಗಡಿ, ಕೆಮ್ಮು?"

ಕಸ್ತೂರಬಾಯಿಯ ಎರಡು ಸೀನು, ಧೂಳಪ್ಪನ ಕೆಮ್ಮು, ಬಸ್ಸಿನ ತುಂಬ ಜನ, ಎಲ್ಲವನ್ನೂ ಪ್ರಹ್ಲಾದ ಒಪ್ಪಿಸಿದ. "ಆದ್ರ ಸರ್, ಅದರಿಂದ ನಮಗ ಏನೂ ಆಗೂದಿಲ್ಲ. ಆರೋಗ್ಯದ ಪ್ರಾಣಿ ಅದು."

"ನಿಮ್ಮ ಚಿಂತಿ ಯಾರು ಮಾಡ್ಯಾರೋ? ನನಗ ಅವುಗಳ ಚಿಂತಿ! ಹ್ಯಾಮ್‌ಸ್ಟರಿಗೆ ಕೊರೊನಾ ಸಳ್ಳನ ಹತ್ತತದ. ಅಕ್ಕಲಕೋಟದ ನೆಗಡಿ ಎಲ್ಲಾ ಕಟ್ಟಿಕೊಂಡು ಬಂದು ಇವುಗಳ ನಡುವ ಬಿಟ್ಟೀದಿ. ಇನ್ನ ಈ ಕೋಣಿದು ಒಂದೂ ಪುಣೆಕ್ಕ ಹೋಗಂಗಿಲ್ಲ."

ಪುಣೆಯ ಗಾಡಿ ಖಾಲಿ ಹೋಯಿತು. ಕಾಯಂ ಪತ್ರ ನಾಲ್ಕು ಮಡಿಕೆಯಾಗಿ ಡಾಕ್ಟರ ಜೇಬು ಸೇರಿತು. ಮೂವತ್ತೊಂದು ಹ್ಯಾಮ್‌ಸ್ಟರಿಗೂ, ಅವುಗಳನ್ನು ನೋಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಪ್ರಹ್ಲಾದನಿಗೂ, ಹದಿನಾಲ್ಕು ದಿನ ಬೇರೆ ವಾಸ ಎಂದಾಯಿತು. ಕಾವಲುಗಾರ ಅದನ್ನು ಗೇಟಿನಲ್ಲಿ ಹೇಳಿದ್ದೇ ತಡ, ಧೂಳಪ್ಪ ಓಣಿಗೆ ಫೋನ್ ಹಚ್ಚಿದರು. ಗಾಜಿನ ಕಿಟಕಿಯ ಒಳಗೂ ಅವರ ದನಿ ಕೇಳಿಸಿತು.

"ನಾ ಹೇಳಿದ್ದಿಲ್ಲೇನು? ಕೊರೊನಾ ಇಲೀನs ಅದು! ಅವನ್ನ ಒಳಗ ಹಾಕ್ಯಾರ ನೋಡ್ರಿ!"

ಅಲ್ಲ ಎನ್ನಲು ಪ್ರಹ್ಲಾದ ಬಾಯಿ ತೆರೆದ. ರೂಪಾಲಿಗೆ ಕೊಟ್ಟ ಮಾತು ನೆನಪಾಗಿ ಮುಚ್ಚಿಕೊಂಡ. ಮೂರನೆಯ ಪಂಜರದಲ್ಲಿ ಹನ್ನೊಂದರಲ್ಲಿ ಒಂದು ಮುಂದಕ್ಕೆ ಬಂದು ಕೂತು, ಗಲ್ಲದಿಂದ ಒಂದೊಂದೇ ಹುರಿದ ಶೇಂಗಾ ಹೊರಗೆ ತೆಗೆದು, ಅವನನ್ನೇ ನೋಡುತ್ತ ತಿನ್ನತೊಡಗಿತು.