ಸಮುದ್ರಕ್ಕೆ ಹಾಕಿದ ಪಿಗ್ಮಿ

ಉಳಿತಾಯ ಅಂದರೆ ಮುಖ ಗಂಟು ಹಾಕಿಕೊಂಡು ಮಾಡುವ ಕೆಲಸ ಅನ್ನುವವರು ನಮ್ಮ ಸಂಶಿ ಪೇಟೆಯಲ್ಲಿ ನನ್ನ ಜೊತೆ ಒಂದು ಸಂಜೆ ತಿರುಗಬೇಕು. ನಾನು ಪಿಗ್ಮಿ ಕೂಡಿಸುವವಳು. ದಿನಾ ಅಂಗಡಿ ಅಂಗಡಿಗೆ ಹೋಗಿ, ಹತ್ತೋ ಇಪ್ಪತ್ತೋ ಕೊಟ್ಟಷ್ಟು ಇಸ್ಕೊಂಡು ಅವರವರ ಖಾತೆಗೆ ತುಂಬುತ್ತೇನೆ. ನಗದೆ ಮನೆಗೆ ಹೋದ ದಿನವೇ ಇಲ್ಲ. ಹೆಚ್ಚು ನಗಿಸಿದವರು ಬಸ್‌ಸ್ಟ್ಯಾಂಡ್ ಬಾಜು ಮಿರ್ಚಿ ಭಜಿ ಕರಿಯುವ ಕಾಕು ಮತ್ತು ಅವರ ಗಂಡ, ಕಾಕಾ.

ಕಾಕುಗೆ ಒಂದೇ ಆಸೆ, ಸಮುದ್ರ ನೋಡಬೇಕು. ಎದುರಿನ ಎರೆ ಹೊಲದಲ್ಲಿ ಗೋಧಿ ಗಾಳಿಗೆ ತೂಗತೊಡಗಿದರೆ ಅವರ ಕೈ ಹಾಗೇ ನಿಂತುಬಿಡುತ್ತದೆ. "ತಂಗಿ, ಸಮುದ್ರಾನೂ ಹಿಂಗ ತೂಗತೈತೇನವಾ?" ಅನ್ನುತ್ತಾರೆ. ಅತ್ತ ಎಣ್ಣೆಯಲ್ಲಿ ಮಿರ್ಚಿ ಕರಕಲು. ಹೆಣ್ಣುಮಕ್ಕಳಿಗೆ ಬಸ್ಸೇನೋ ಫುಕಟ್. ಆದರೆ ಕಾಕಾನ ಟಿಕೆಟ್, ಇಳಿದುಕೊಳ್ಳಲು ಖೋಲಿ, ಅಂಗಡಿ ಮುಚ್ಚಿದ ಲುಕ್ಸಾನು, ಎಲ್ಲಕ್ಕೂ ರೊಕ್ಕ ಬೇಕಲ್ಲ.

ಜೋಳದ ಡಬ್ಬಿ

ಮೊದಲು ಕಾಕು ನೋಟುಗಳನ್ನು ಜೋಳದ ಡಬ್ಬಿಯ ತಳದಲ್ಲಿ ಬಚ್ಚಿಡುತ್ತಿದ್ದರು. ಒಂದು ದಿನ ಕಾಕಾಗೆ ಎಲ್ಲಿಲ್ಲದ ಹುರುಪು ಬಂದು, ಹೆಂಡತಿಗೆ ಹೇಳದೆ ಡಬ್ಬಿಯನ್ನೇ ಹೊತ್ತು ಗಿರಣಿಗೆ ಹೋದರು. ಕಾಕು ಏದುಸಿರು ಬಿಡುತ್ತ ಓಡಿ ಬಂದಾಗ ಗಿರಣಿಯವನ ಕೈಯಲ್ಲಿ ಜೋಳದ ನಡುವೆ ಸಿಕ್ಕ ನೋಟಿತ್ತು. ಅವನು ತಣ್ಣಗೆ ಕೇಳುತ್ತಿದ್ದ, "ಕಾಕಾ, ಇದನ್ನ ಸಣ್ಣಗ ಬೀಸಲೇನ್ರಿ, ದಪ್ಪಗ?"

ಉಳಿದದ್ದು

ಮರುದಿನವೇ ಕಾಕು ಪಿಗ್ಮಿ ಹಚ್ಚಿದರು. ಮೊದಲ ಸಂಜೆ ಹೋಗಿ ಕೇಳಿದೆ:

"ಕಾಕು, ಇವತ್ತು ಏನರೆ ಉಳೀತೇನ್ರಿ?"

"ಉಳದೈತಿ, ಕುಂದ್ರವಾ" ಅಂದರು. ಕಾಗದದಲ್ಲಿ ಕಟ್ಟಿ ನಾಲ್ಕು ಭಜಿ ಕೊಟ್ಟರು. "ಇಷ್ಟ ಉಳದದ್ದು."

ಬಿಸಿ ಇದ್ದವು. ಬೇಡ ಅನ್ನಲಾಗಲಿಲ್ಲ. ಅವತ್ತಿನ ಅವರ ಉಳಿತಾಯವನ್ನೆಲ್ಲ ನಾನೇ ತಿಂದೆ.

ದೊಡ್ಡ ಟಿವಿ

ಖಾತೆ ಮೆಲ್ಲಗೆ ಬೆಳೆಯಿತು. ಕಾಕಾನ ಕಣ್ಣೂ ಅದರ ಮೇಲೆ ಬಿತ್ತು. ಒಂದು ಸಂಜೆ ನನ್ನನ್ನು ಬಾಜೂಕ ಕರೆದು, "ತಂಗಿ, ಪಿಗ್ಮಿ ನಡಬರಕ ಮುರದ್ರ ಎಷ್ಟು ಬರತೈತಿ?" ಅಂದರು.

"ಯಾಕ್ರಿ ಕಾಕಾ?"

"ದೊಡ್ಡ ಟಿವಿ ತರೂಣು ಅಂತ. ಅದರಾಗ ದಿನಾ ಸಮುದ್ರ ಕಾಣತೈತಿ. ಬಸ್ಸೂ ಬ್ಯಾಡ, ಖೋಲೀನೂ ಬ್ಯಾಡ."

ನನಗೆ ಹೆದರಿಕೆಯಾಯಿತು. ಕಾಕು ಮೆತ್ತನೆಯ ಮನಸ್ಸಿನವರು, ಗಂಡ ಹಟ ಹಿಡಿದರೆ ಒಪ್ಪಿಬಿಟ್ಟಾರು. ಅಷ್ಟರಲ್ಲಿ ಬೆನ್ನ ಹಿಂದಿನಿಂದಲೇ ಕಾಕು ಅಂದರು, "ಹಂಗ ಮಾಡೂಣು ತಗೋರಿ. ಇವತ್ತಿಂದ ನಿಮಗ ರೊಟ್ಟೀನೂ ಟಿವಿಯೊಳಗ ತೋರಸತೀನಿ."

ಕಾರವಾರ

ಕೊನೆಗೂ ಪಿಗ್ಮಿಯ ಮುದ್ದತ್ತು, ಅಂದರೆ ಅವಧಿ, ಮುಗಿಯಿತು. ರೊಕ್ಕ ಕೈಗಿಡುವಾಗ ನನಗೇ ಕಣ್ಣು ತುಂಬಿದವು. ಇಬ್ಬರೂ ಕಾರವಾರದ ಬಸ್ಸು ಹತ್ತಿದರು. ಮರುದಿನವೆಲ್ಲ ನಾನು ಸಂಶಿಯ ಬಿಸಿಲಿನಲ್ಲಿ ನಡೆಯುತ್ತಿದ್ದರೂ ಕಾಲ ಕೆಳಗೆ ಮರಳು ಇದ್ದ ಹಾಗೇ ಅನ್ನಿಸುತ್ತಿತ್ತು.

ಸಂಜೆ ಕಾಕಾನ ಫೋನ್ ಬಂತು. ದನಿಯಲ್ಲಿ ಗಾಬರಿ. "ತಂಗಿ, ನಿಮ್ಮ ಕಾಕುಗ ಏನೋ ಆಗೈತಿ. ಜರಾ ಹೊತ್ತು ಕಣ್ಣ ಪಿಳುಕಿಸದ ನೋಡಿದ್ಲು. ಈಗ ಸಮುದ್ರಕ್ಕ ಬೆನ್ನು ಮಾಡಿ ಕುಂತಾಳ. ಇಷ್ಟು ಖರ್ಚು ಮಾಡಿ ಬಂದು ರಸ್ತಾ ನೋಡಾಕತ್ತಾಳ!"

ಕನಸಿನಷ್ಟು ಚೆಂದ ಇಲ್ಲವೇನೋ ಅಂದುಕೊಂಡು, "ಫೋನ್ ಅವರಿಗೆ ಕೊಡ್ರಿ" ಅಂದೆ.

"ಕಾಕು, ಸಮುದ್ರ ಮನಸಿಗೆ ಬರಲಿಲ್ಲೇನ್ರಿ?"

ಫೋನಿನಲ್ಲಿ ಅಲೆಗಳ ಸದ್ದು. ಅದರ ನಡುವೆ ಕಾಕು ನಿದ್ದೆಯಲ್ಲಿ ಮಾತಾಡಿದಂತೆ ಅಂದರು:

"ಭಾಳ ಛಲೋ ಐತೆವಾ. ಅದಕ್ಕ ಅರ್ಧಾನ ನೋಡೇನಿ. ಇನ್ನರ್ಧಾ ನಾಳಿಗೆ ಇಟ್ಟೇನಿ."