ಹಳೇ ರೇಸ್ ಕಾರು ಮತ್ತು ನನ್ನ ಬ್ರೇಕಿನ ಕಾಲು

ಡ್ರೈವಿಂಗ್ ಕಲಿಸುವವನಿಗೆ ಡ್ರೈವಿಂಗ್ ಚೆನ್ನಾಗಿ ಬರುತ್ತದೆ ಎಂದು ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಇಂಡಿ ಊರಲ್ಲಿ ಕಾಲು ಶತಮಾನದಿಂದ ಮೋಟಾರ್ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ನನ್ನ ಕೈಯಲ್ಲಿ ಕಲಿತವರು ಇವತ್ತು ಸಿಂದಗಿಯಲ್ಲಿ ಸಿಮೆಂಟಿನ ಲಾರಿ ಓಡಿಸುತ್ತಾರೆ, ಬಸವನ ಬಾಗೇವಾಡಿಯಲ್ಲಿ ಆಂಬುಲೆನ್ಸ್ ಓಡಿಸುತ್ತಾರೆ, ಕೆಲವರು ಬರೀ ಹೆಂಡತಿಯನ್ನು ಸಂತೆಗೆ ಕರೆದೊಯ್ದು ತರುತ್ತಾರೆ. ದಾರಿಯಲ್ಲಿ ಎದುರಾದರೆ ಎಲ್ಲರೂ ಕೈ ಜೋಡಿಸಿ "ಭೀಮಾಶಂಕರ ಮಾಸ್ತರ, ನಮಸ್ಕಾರ್ರಿ" ಎನ್ನುತ್ತಾರೆ. ಮೊದಲು ಸ್ಟೇರಿಂಗ್ ಹಿಡಿಯಿರಪ್ಪಾ ಎಂದು ನಾನು ಕೂಗುವಷ್ಟರಲ್ಲಿ ಮುಂದೆ ಹೋಗಿರುತ್ತಾರೆ. ಇಂಥವನು ಗಾಡಿಯ ಬಗ್ಗೆ ನಾಲ್ಕು ಮಾತು ಹೇಳಿದರೆ ಅದರಲ್ಲಿ ಜಂಬವೇನೂ ಇಲ್ಲ. ಇದ್ದರೂ ಅದು ಬಿಸಿಲಲ್ಲಿ ದುಡಿದು ಗಳಿಸಿದ ಜಂಬ.

ಆದರೆ ಒಂದು ಸಂಗತಿ ನನ್ನ ಗಮನಕ್ಕೇ ಬಂದಿರಲಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಕಾರು ಓಡಿಸಿದ್ದು ಬಹಳ ಕಡಿಮೆ. ಕಲಿಯುವವರು ಬಲಗಡೆ, ಸ್ಟೇರಿಂಗ್ ಮುಂದೆ ಕೂಡುತ್ತಾರೆ. ನಾನು ಎಡಗಡೆ ಕೂಡುತ್ತೇನೆ. ನಮ್ಮಂಥವರ ಕಾರಿನಲ್ಲಿ ಎಡಗಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಗಾಡಿ ಓಡಿಸುವುದು ಅವರ ಕೆಲಸ, ನಿಲ್ಲಿಸುವುದು ನನ್ನದು. ಕಬ್ಬಿನ ಟ್ರ್ಯಾಕ್ಟರ್ ಬಂದರೆ ಬ್ರೇಕು, ಎಮ್ಮೆ ಬಂದರೆ ಬ್ರೇಕು, ಏನೂ ಬರದಿದ್ದರೆ ಇನ್ನೇನೋ ಬರಬಹುದೆಂದು ಬ್ರೇಕು. ಹೀಗಾಗಿ ನನ್ನ ಕಾಲು ಈಗ ನನ್ನನ್ನು ಕೇಳಿ ಕೆಲಸ ಮಾಡುವುದಿಲ್ಲ. ಮದುವೆ ಊಟದಲ್ಲಿ ಸಾರಿನ ಬಕೀಟು ಹಿಡಿದವನು ಸ್ವಲ್ಪ ಜೋರಾಗಿ ಬಂದರೂ ಸಾಕು, ಕಾಲು ತಾನಾಗಿ ನೆಲ ಒತ್ತಿಬಿಡುತ್ತದೆ. ಒಮ್ಮೆ ಮುದ್ದೇಬಿಹಾಳದಲ್ಲಿ ಹೆಂಡತಿಯ ತವರುಮನೆಯ ಸೋಫಾದ ಮೇಲೆ ಕೂತು ಟೀವಿಯಲ್ಲಿ ಯಾರದೋ ಕಾರು ಹಳ್ಳಕ್ಕೆ ಬೀಳುವುದನ್ನು ನೋಡುತ್ತಾ, ಮುಂದಿದ್ದ ಟೀಪಾಯಿಯನ್ನು ಚಹಾ ಸಮೇತ ಒದ್ದಿದ್ದೇನೆ. ಅಳಿಯ ಎಂದು ಯಾರೂ ಏನೂ ಅನ್ನಲಿಲ್ಲ.

ಹೆಂಡತಿ ಎಂದೆನಲ್ಲ, ತಾಪತ್ರಯ ಶುರುವಾಗಿದ್ದು ಅಲ್ಲಿಂದಲೇ. ನನ್ನ ಹೆಂಡತಿ ಮಹಾನಂದಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಈ ವರ್ಷ ಅವಳಿಗೆ ಇಂಡಿಯಿಂದ ಅಗರಖೇಡಕ್ಕೆ ವರ್ಗವಾಯಿತು. ಬೆಳಗಿನ ಬಸ್ಸು ಅವಳನ್ನು ಅಲ್ಲಿಗೆ ಮುಟ್ಟಿಸುವಷ್ಟರಲ್ಲಿ ಪ್ರಾರ್ಥನೆ ಮುಗಿದು ಹಾಜರಿ ಕೂಗಿ ಆಗಿರುತ್ತಿತ್ತು. ಅಲ್ಲಿಯ ಹೆಡ್‌ಮಾಸ್ತರರು ಮೊದಮೊದಲು ನಗುತ್ತಾ ಗಡಿಯಾರ ತೋರಿಸಿದರು, ಆಮೇಲೆ ನಗುವುದನ್ನು ಬಿಟ್ಟರು. ಒಂದು ದಿನ ಬಂದವಳೇ ಚೀಲ ಕೆಳಗಿಟ್ಟು, "ಊರಿಗೆಲ್ಲಾ ಕಲಿಸೀರಿ, ನನಗೂ ಒಂದಿಷ್ಟು ಗಾಡಿ ಕಲಿಸ್ರಿ" ಎಂದಳು. ನನಗೆ ಎಂಥ ಖುಷಿಯಾಯಿತೆಂದರೆ ಕಾರನ್ನು ನಾನೇ ತೊಳೆದೆ. ಅವಳಿಗೆ ಕಲಿಯುವವರ ಲೈಸೆನ್ಸ್ ಮಾಡಿಸಿ, ಒಂದು ಸಂಜೆ ಝಳಕಿ ರಸ್ತೆಗೆ ಕರೆದುಕೊಂಡು ಹೋದೆ.

ಅವಳು ಸ್ಟೇರಿಂಗ್ ಚೆನ್ನಾಗಿಯೇ ಹಿಡಿದಿದ್ದಳು. ಆದರೆ ಅವಳು ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನನ್ನ ಕಾಲು ಬ್ರೇಕು ಒತ್ತಿತು. ಗಾಡಿ ಎರಡು ಹೆಜ್ಜೆ ಹೋಗುವುದು, ಮುಗ್ಗರಿಸುವುದು, ನಿಲ್ಲುವುದು. ಕೊನೆಗೆ ಅವಳು ಗಾಡಿ ಬದಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದಳು. "ಈ ಗಾಡಿ ನಾ ಓಡಸಾಕತ್ತೇನೋ, ನಿಮ್ಮ ಕಾಲ ಓಡಸಾಕತ್ತೈತೋ?" ಎಂದು ಕೇಳಿದಳು. "ಕಾಲ ತನ್ನ ಕೆಲಸ ತಾ ಮಾಡಾಕತ್ತೈತಿ" ಎಂದೆ. ಸತ್ಯವನ್ನೇ ಹೇಳಿದ್ದೆ. ಅವಳು ಇಳಿದು, ಹಿಂದೆ ಬರುತ್ತಿದ್ದ ಟಂಟಂ ಆಟೋಗೆ ಕೈ ಮಾಡಿ, ಅದರಲ್ಲಿ ಉಳ್ಳಾಗಡ್ಡಿ ಚೀಲದ ಮೇಲೆ ಕೂತು ಮನೆಗೆ ಹೊರಟಳು. ನಾನು ಆ ಟಂಟಂ ಹಿಂದೆಯೇ ಊರವರೆಗೂ ಕಾರು ತಂದೆ. ಅವಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ತಣ್ಣಗೆ ಹೇಳಿದಳು: "ನಾ ಬಸ್‌ಸ್ಟ್ಯಾಂಡ್ ಆಚೆ ಸ್ಕೂಲಿಗೆ ಸೇರ್ತೇನಿ." ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಬಸ್‌ಸ್ಟ್ಯಾಂಡ್ ಆಚೆಯ ಡ್ರೈವಿಂಗ್ ಸ್ಕೂಲು ಯಾರದೆಂದುಕೊಂಡಿರಿ? ನನ್ನ ಶಿಷ್ಯನದು. ನನ್ನ ಹತ್ತಿರವೇ ಕಲಿತು, ನನಗೇ ಪೈಪೋಟಿಯಾಗಿ ಬೋರ್ಡು ಹಾಕಿದವನು. ಅವನ ಕಾರಿನ ನೆತ್ತಿಯ ಮೇಲೆ ಊರಿಗೆಲ್ಲ ಕಾಣುವಂಥ ಕೆಂಪು ಅಕ್ಷರದ ಹಲಗೆ ಇದೆ. ಅದರ ಕೆಳಗೆ ಕೂತು ನನ್ನ ಹೆಂಡತಿ ನನ್ನ ಆಫೀಸಿನ ಮುಂದೆ ಹಾದು ಹೋದರೆ ನಾನು ಇಂಡಿಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಆ ಸುದ್ದಿ ಬಸ್ಸಿಗಿಂತ ಮೊದಲೇ ಮೋರಟಗಿ ಮುಟ್ಟುತ್ತದೆ. ಅವನಂತೂ ಬಂದ ಗಿರಾಕಿಗಳಿಗೆಲ್ಲ ಜೀವನಪೂರ್ತಿ ಇದೊಂದೇ ಮಾತು ಹೇಳುತ್ತಾನೆ. ನನಗೆ ಆ ರಾತ್ರಿ ನಿಜವಾಗಿಯೂ ಸಂಕಟವಾಯಿತು.

ಇದೇ ಹೊತ್ತಿಗೆ ನನ್ನ ಆಫೀಸಿಗೆ ಸಿಮ್ಯುಲೇಟರ್ ಬಂದಿತ್ತು. ಒಂದು ಸೀಟು, ಸ್ಟೇರಿಂಗು, ಮೂರು ಪೆಡಲು, ಗೇರು, ಮುಂದೆ ದೊಡ್ಡ ಪರದೆ. ಹೊಸಬರು ರಸ್ತೆಗೆ ಇಳಿಯುವ ಮೊದಲು ಇದರ ಮೇಲೆ ಭಯ ಕಳೆದುಕೊಳ್ಳಲಿ ಎಂದು, ಸೊಲ್ಲಾಪುರದಲ್ಲಿ ಆಟದ ಅಂಗಡಿಯೊಂದು ಮುಚ್ಚುವಾಗ ಹಳೆಯದನ್ನೇ ಹಿಡಿದು ತಂದಿದ್ದೆ. ನನ್ನ ಜೊತೆ ಕಲಿಸುವ ದಸ್ತಗೀರ ವೈರುಗಳನ್ನೆಲ್ಲ ಜೋಡಿಸಿ ಹಚ್ಚಿ ನೋಡಿದರೆ, ಅದರೊಳಗೆ ಸಾದಾ ಕಾರು ಒಂದೂ ಇರಲಿಲ್ಲ. ಎಲ್ಲವೂ ರೇಸಿನ ಕಾರುಗಳು. ಹೊಸ ಮಾದರಿಯವು ಎಷ್ಟು ಜೋರೆಂದರೆ, ನಾವು ಕಣ್ಣು ಪಿಳುಕಿಸುವಷ್ಟರಲ್ಲಿ ಗೋಡೆ ಬರುತ್ತಿತ್ತು. ಕಟ್ಟಕಡೆಗೆ ನಮ್ಮಪ್ಪನ ಕಾಲದ ರೇಸ್ ಕಾರುಗಳು ಸಿಕ್ಕವು. ನೋಡಲು ದೊಡ್ಡ ಸೌತೆಕಾಯಿಗೆ ನಾಲ್ಕು ಗಾಲಿ ಚುಚ್ಚಿದ ಹಾಗೆ. ಮೇಲೆ ಚಾವಣಿ ಇಲ್ಲ, ಸೀಟ್‌ಬೆಲ್ಟ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಗಾಲಿಗಳು ಮೈಯಿಂದ ಪೂರಾ ಹೊರಗೆ. "ಇದರಾಗ ಮುಂದಿನ ಗಾಲಿ ಯಾಕಡೆ ತಿರುಗ್ಯಾವಂತ ಕೂತಲ್ಲೇ ಕಾಣ್ತೈತ್ರಿ ಮಾಸ್ತರ, ಕಲಿಯವ್ರಿಗೆ ಚಲೋ" ಎಂದ ದಸ್ತಗೀರ. ಹಾಗಾದರೆ ಮೊದಲು ನಾನು ಕಲಿತು ಆಮೇಲೆ ಕಲಿಸುತ್ತೇನೆ ಎಂದು ಕೂತೆ. ಆಕ್ಸಿಲರೇಟರ್ ಒತ್ತಿದ್ದೇ ತಡ, ಕಾರು ನಿಂತಲ್ಲೇ ಗಿರಕಿ ಹೊಡೆದು ಹಿಂದಕ್ಕೆ ಮುಖ ಮಾಡಿ ನಿಂತಿತು.

ಶನಿವಾರ ಅರ್ಧ ದಿನದ ಕ್ಲಾಸು ಮುಗಿಸಿ ಮಹಾನಂದಾ ಮನೆಯ ಕೀಲಿ ಇಸಿದುಕೊಳ್ಳಲು ಆಫೀಸಿಗೆ ಬಂದಳು. ನಾನು ಹೀಗೆ ಗಿರಕಿ ಹೊಡೆಯುವುದನ್ನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡೆ. "ಒಂದ್ ಮಾತು ಹೇಳ್ತೇನಿ ಕೇಳ್ರಿ" ಎಂದಳು. "ಈ ಗಾಡ್ಯಾಗ ಹಾದಿ ಬಿಡದಂಗ, ತಿರುಗಿ ನಿಲ್ಲದಂಗ, ಬರೇ ಒಂದ್ ಸುತ್ತು ನನ್ನ ಮುಂದ ಹೊಡದ ತೋರಸ್ರಿ. ಮುಂದಿನ ರವಿವಾರದ ಮಟಾ ಟೈಮ್ ಕೊಟ್ಟೇನಿ. ತೋರಿಸಿದ್ರ ನಿಮ್ಮ ಕಡೇನ ಕಲೀತೇನಿ. ಇಲ್ಲಂದ್ರ ಸೋಮವಾರ ಬಸ್‌ಸ್ಟ್ಯಾಂಡ್ ಆಚೆ ಹೋಗ್ತೇನಿ." ನಾನು ಸೀಟಿನಲ್ಲೇ ತಿರುಗಿ, "ಒಂದ್ ಸುತ್ತು ಯಾಕ, ಹತ್ತು ಹೊಡೀತೇನಿ ತಗೋ" ಎಂದೆ. ಆ ಮಾತಿನ ಹೊತ್ತಿಗೆ ಪರದೆಯ ಮೇಲೆ ನನ್ನ ಕಾರು ಹುಲ್ಲಿನ ಪೆಂಡಿಯೊಂದರೊಳಗೆ ಮೂತಿ ತೂರಿಸಿ ಹೊಗೆ ಬಿಡುತ್ತಿತ್ತು.

ನಮ್ಮ ಕಡೆ ಮಧ್ಯಾಹ್ನದ ಬಿಸಿಲಿಗೆ ಗಾಡಿ ಕಲಿಯಲು ಯಾರೂ ಬರುವುದಿಲ್ಲ. ಅದೇ ನನ್ನ ಅಭ್ಯಾಸದ ಹೊತ್ತು. ಒಂದೆರಡು ದಿನಗಳಲ್ಲಿ ಆ ಕಾರಿನ ಸ್ವಭಾವ ತಿಳಿಯಿತು. ಎಂಜಿನ್ನಿನ ಬಲವೆಲ್ಲ ಹಿಂದಿನ ಗಾಲಿಗೆ, ಟೈರೋ ತೆಳ್ಳಗೆ. ಆಕ್ಸಿಲರೇಟರನ್ನು ರೊಟ್ಟಿಯ ಹಿಟ್ಟಿಗೆ ಬಿಸಿನೀರು ಹಾಕುವಂತೆ ತುಸುತುಸುವೇ ಕೊಡಬೇಕು. ಬ್ರೇಕು ಹಾಕುವುದಿದ್ದರೆ ತಿರುವಿಗೆ ಮೊದಲು, ನೆಟ್ಟಗಿನ ಹಾದಿಯಲ್ಲೇ ಹಾಕಿ ಮುಗಿಸಿಬಿಡಬೇಕು. ತಿರುವಿನೊಳಗೆ ಹೋದ ಮೇಲೆ ಹಿಂದಿನ ಗಾಲಿಗಳು ಹೊರಕ್ಕೆ ಜಾರುತ್ತವೆ. ಜಾರಲಿ. ಅವು ಜಾರಿದ ಕಡೆಗೇ ಸ್ಟೇರಿಂಗ್ ಸ್ವಲ್ಪ ತಿರುಗಿಸಿ, ಆಕ್ಸಿಲರೇಟರ್ ಮೇಲಿನ ಕಾಲನ್ನು ಇದ್ದಂತೆಯೇ ಇಡಬೇಕು. ಆಗ ಬ್ರೇಕು ಮುಟ್ಟಿದರೆ ಭಾರವೆಲ್ಲ ಮುಂದಕ್ಕೆ ಬಂದು, ಹಗುರಾದ ಹಿಂಭಾಗ ಸುತ್ತಿಕೊಂಡು ಬರುತ್ತದೆ. ಇದನ್ನು ನಾನು ಕರಿಹಲಗೆಯ ಮೇಲೆ ಚಿತ್ರ ಬರೆದು ದಸ್ತಗೀರನಿಗೆ ಪಾಠವನ್ನೂ ಮಾಡಿದೆ. ಅವನು ತಲೆದೂಗಿದ. ಎರೆ ಭೂಮಿಯಲ್ಲಿ ಹುಟ್ಟಿದವರಿಗೆ ಇದೇನು ಹೊಸದಲ್ಲ, ಮಳೆಯಲ್ಲಿ ನೆನೆದ ಎರೆಮಣ್ಣಿನ ಮೇಲೆ ಬೈಕಿಗೆ ಬ್ರೇಕು ಹಾಕಿದರೆ ಏನಾಗುತ್ತದೆಂದು ನಮ್ಮ ಮೊಣಕೈಗಳಿಗೆ ಗೊತ್ತು. ತಲೆಗೆ ಗೊತ್ತು, ಕೈಗೆ ಗೊತ್ತು. ಕಾಲು ಮಾತ್ರ ಪಾಠಕ್ಕೆ ಹಾಜರಾಗಿರಲಿಲ್ಲ. ಹಿಂಭಾಗ ಎಳ್ಳಷ್ಟು ಜಾರಿದರೆ ಸಾಕು, ಹೋಗಿ ಬ್ರೇಕಿನ ಮೇಲೆ ಕೂತುಬಿಡುತ್ತಿತ್ತು.

ದಸ್ತಗೀರ ಬ್ರೇಕಿನ ಪೆಡಲ್ ಕೆಳಗೆ ಒಂದು ಇಟ್ಟಿಗೆ ಇಟ್ಟು ನೋಡಿದ. ನೆಟ್ಟಗಿನ ಹಾದಿಯಲ್ಲೂ ಬ್ರೇಕು ಹತ್ತದೆ ಕಾರು ಪ್ರೇಕ್ಷಕರೊಳಗೆ ನುಗ್ಗಿತು. ಆಮೇಲೆ ಅವನಿಗೊಂದು ವಿಚಾರ ಹೊಳೆಯಿತು. ನನಗೆ ರೂಢಿಯ ವಾತಾವರಣ ಇರಲಿ ಎಂದು ನನ್ನ ಎಡಗಡೆ ಸ್ಟೂಲು ಹಾಕಿಕೊಂಡು ಕೂತ. ನಾನು ಕಲಿಯುವವರಿಗೆ ಹೇಳುವ ಮಾತುಗಳನ್ನೇ, ನನ್ನದೇ ದನಿಯಲ್ಲಿ ಶುರು ಮಾಡಿದ: "ಸಾವಕಾಶ. ಸಾವಕಾಶ ಅಂತೇನಿ. ಕಣ್ಣ ಎಲ್ಲಿ ಅದಾವು? ಬ್ರೇಕ್. ಬ್ರೇಕ್ ಅಂದ್ರ ಕೇಳೂದಿಲ್ಲೇನು?" ನಾನು ಮೂರು ತಿರುವುಗಳವರೆಗೆ ತಡೆದುಕೊಂಡೆ. ನಾಲ್ಕನೆಯದರಲ್ಲಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ದಸ್ತಗೀರ, ಬಾಯಿ ಮುಚ್ಚಕೊಂಡು ಕೂಡಪಾ. ನನ್ನ ಪಾಡಿಗೆ ನನಗ ಬಿಡು" ಎಂದು ಒದರಿದೆ. ಅವನು ಬೇಜಾರಾಗದೆ, "ನಾ ಏನ್ ಮಾಡೇನ್ರಿ ಮಾಸ್ತರ, ನಿಮ್ಮ ಮಾತ ನಿಮಗ ಹೇಳೇನಿ" ಎಂದ. ಅವನನ್ನು ಚಹಾ ತರಲು ಕಳಿಸಿದೆ. ಅವನು ಹೋದ ಮೇಲೆ, ಎಡಗಡೆ ಯಾರೂ ಇಲ್ಲದಾಗ, ಕಾರು ಮೊದಲ ಸಲ ಅರ್ಧ ಸುತ್ತು ತಕರಾರಿಲ್ಲದೆ ಹೋಯಿತು. ನಾನು ಆಳವಾಗಿ ವಿಚಾರ ಮಾಡಿ, ಸ್ಟೂಲು ಇಟ್ಟ ಜಾಗ ಸರಿಯಿರಲಿಲ್ಲ ಎಂಬ ತೀರ್ಮಾನಕ್ಕೆ ಬಂದೆ. ಮರುದಿನ ಮುಕ್ಕಾಲು ಸುತ್ತು ಮುಗಿದಾಗ ಕರೆಂಟು ಹೋಯಿತು. ಅದನ್ನು ನನ್ನ ಲೆಕ್ಕಕ್ಕೆ ಹಿಡಿಯಬಾರದು.

ರವಿವಾರ ಮಹಾನಂದಾ ಬಂದು ಗೋಡೆಯ ಹತ್ತಿರದ ಕುರ್ಚಿಯಲ್ಲಿ ಕೂತಳು. ದಸ್ತಗೀರ ತಾನಾಗಿ ಹೊರಗೆ ಹೋಗಿ ನಿಂತ. ನಾನು ಚಪ್ಪಲಿ ಬಿಟ್ಟು, ಬೆವರು ಒರೆಸಿಕೊಂಡು ಹೊರಟೆ. ಮೊದಲ ತಿರುವುಗಳು ಸಲೀಸಾಗಿ ಹೋದವು. ಆಮೇಲೆ ಗುಡ್ಡದ ಬದಿಯ ಆ ಉದ್ದನೆಯ ಎಡತಿರುವು ಬಂತು. ವಾರವಿಡೀ ನನ್ನ ಮಾನ ಕಳೆದ ತಿರುವು ಅದು. ಹಿಂಭಾಗ ಮೆಲ್ಲಗೆ ಹೊರಕ್ಕೆ ಜಾರತೊಡಗಿತು. ಕೆಂಪು ಅಕ್ಷರದ ಹಲಗೆಯ ಕೆಳಗೆ ಕೂತ ಮಹಾನಂದಾ ಕಣ್ಣಿಗೆ ಕಟ್ಟಿದಳು. ಕಾಲು ಏಳಲು ನೋಡಿತು, ಆದರೆ ಎಲ್ಲಿತ್ತೋ ಅಲ್ಲೇ ಉಳಿಯಿತು. ಕಾರು ಎಡಕ್ಕೆ ತಿರುಗುತ್ತಿದ್ದರೂ ಮುಂದಿನ ಗಾಲಿಗಳು ಬಲಕ್ಕೆ ನೋಡುತ್ತಿದ್ದವು. ಹಾಗೆ ಅಡ್ಡಡ್ಡವಾಗಿಯೇ ತಿರುವನ್ನೆಲ್ಲ ದಾಟಿ, ಕೊನೆಗೆ ಒಳ್ಳೆಯ ಎತ್ತಿನಂತೆ ತಾನಾಗಿ ನೆಟ್ಟಗಾಯಿತು. ಸುತ್ತು ಮುಗಿಯಿತು. ನಾನು ಎದ್ದು ನಿಂತು, ಬೇಕಾದರೆ ಇನ್ನೂ ಒಂಬತ್ತು ತೋರಿಸುತ್ತೇನೆ ಎಂದೆ. "ಬ್ಯಾಡ್ರಿ, ಸಾಕು. ನಾಳೆ ಮುಂಜಾನೆ ಲಗೂನ ಗಾಡಿ ತಗದು ಇಡ್ರಿ" ಎಂದಳು. ಮಾತಿಗೆ ತಪ್ಪುವವಳಲ್ಲ.

ಸೋಮವಾರ ಅವಳು ಸ್ಟೇರಿಂಗ್ ಮುಂದೆ ಕೂತಳು, ನಾನು ಎಡಗಡೆ. ಎರಡೂ ಕಾಲು ಮಡಚಿ ಸೀಟಿನ ಮೇಲೇ ಇಟ್ಟುಕೊಂಡೆ. ಊರು ದಾಟುವಾಗ ಗಾಡಿ ಒಮ್ಮೆ ಬಂದ್ ಬಿತ್ತು. ನಾನು ಕಿಟಕಿಯ ಹೊರಗೆ ನೋಡಿದೆ. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರು ಹಾದಿಯನ್ನೆಲ್ಲ ನುಂಗಿಕೊಂಡು ಬಂತು. ಅವಳೇ ವೇಗ ಕಡಿಮೆ ಮಾಡಿ ಬದಿಗೆ ಸರಿದಳು. ನನ್ನ ಕಾಲು ಮಿಸುಕಲಿಲ್ಲ. ಆಮೇಲೆ ನಿಂಬೆ ತೋಟಗಳು ಬಂದವು, ತಣ್ಣನೆಯ ಗಾಳಿ ಬೀಸಿತು, ಗಾಡಿ ಒಂದೇ ಸಮನೆ ಹೋಗತೊಡಗಿತು. ನೋಡುನೋಡುತ್ತಿದ್ದಂತೆ ಅಗರಖೇಡದ ಹೈಸ್ಕೂಲಿನ ಗೇಟು ಎದುರಿಗೆ ನಿಂತಿತ್ತು. ಮಾತಾಡಿಕೊಂಡು ಹೋದರೆ ಹಾದಿ ಬೇಗ ಸಾಗುತ್ತದೆ ಎನ್ನುತ್ತಾರೆ, ಆದರೆ ನಾವು ಮಾತಾಡಿದ್ದು ನನಗೆ ನೆನಪಿರಲಿಲ್ಲ. ಇಳಿದು ಬಾಗಿಲು ಹಾಕಿ, ಅವಳಿಗೆ ಒಂದು ಸಣ್ಣ ಭಾಷಣ ಮಾಡಿದೆ. "ನೋಡಿದೇನ ಮಹಾನಂದಾ, ಇಂಡಿ ಬಿಟ್ಟಾಗಿಂದ ನನ್ನ ಕಾಲ ಒಂದ್ ಸಲಾನೂ ಬ್ರೇಕ್ ಮುಟ್ಟಿಲ್ಲ. ಆ ಹಳೇ ರೇಸ್ ಕಾರ್ ಕಲತವನಿಗಷ್ಟ ಈ ಹಿಡಿತ ಬರ್ತೈತಿ."

ಅವಳು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ, "ಮುಟ್ಟೂದ ಹೆಂಗ್ರಿ? ನಿಂಬಿ ತೋಟ ದಾಟೂದ್ರಾಗ ಗೊರಕಿ ಹೊಡ್ಯಾಕತ್ತಿದ್ರಿ" ಎಂದಳು. ಕಲಿಯುವವರ ಪಕ್ಕದಲ್ಲಿ ಕೂತು ನಾನು ನಿದ್ದೆ ಮಾಡಿದೆನೆಂದರೆ ಯಾರೂ ನಂಬುವುದಿಲ್ಲ. "ಎಬ್ಬಸಬಾರದೇನು?" ಎಂದೆ. "ಯಾಕ ಎಬ್ಬಸ್ಲಿ? ನಡುವ ಕುರಿ ಹಿಂಡು ಬಂತು, ನಿಲ್ಲಿಸಿದೆ. ಹೋತು, ಮತ್ತ ಹೊಂಟೆ. ನೀವು ಮಲಗಿದ ಮ್ಯಾಲೇನ ನೋಡ್ರಿ ನನಗ ಗಾಡಿ ಬಂದದ್ದು" ಎಂದು ಹೇಳಿ ಒಳಗೆ ಹೋದಳು. ಪ್ರಾರ್ಥನೆ ಇನ್ನೂ ಶುರುವಾಗಿರಲಿಲ್ಲ.

ಈಗ ಅವಳಿಗೆ ಲೈಸೆನ್ಸ್ ಬಂದಿದೆ, ದಿನಾ ಒಬ್ಬಳೇ ಹೋಗಿ ಬರುತ್ತಾಳೆ. ಯಾರು ಕಲಿಸಿದರೆಂದು ಯಾರಾದರೂ ಕೇಳಿದರೆ ನಾನೇ ಎಂದು ಧೈರ್ಯವಾಗಿ ಹೇಳುತ್ತೇನೆ, ಗಾಡಿಯಲ್ಲಿ ನಾನಿದ್ದೆನಲ್ಲ. ಬಸ್‌ಸ್ಟ್ಯಾಂಡ್ ಆಚೆಯವನಿಗೂ ಹೇಳಿಬಂದೆ. ಇಷ್ಟು ಫಲ ಕೊಟ್ಟ ಪದ್ಧತಿಯನ್ನು ಉಳಿದವರಿಗೂ ಕೊಡೋಣವೆಂದು, ಈಗ ಯಾರು ಕಲಿಯಲು ಬಂದರೂ ಊರು ದಾಟಿದ ಕೂಡಲೇ ಕಾಲು ಮಡಚಿ, ಸೀಟಿಗೆ ಒರಗಿ, ಕಣ್ಣು ಮುಚ್ಚಿ ನೋಡುತ್ತೇನೆ. ನಿದ್ದೆ ಹತ್ತಿರ ಸುಳಿಯುವುದಿಲ್ಲ. ಹೇಗೆ ಬಂದೀತು? ಅವರೆಲ್ಲ ನನ್ನ ಕೈಯಲ್ಲಿ ಕಲಿಯುವವರು.